ಹಿಟ್ಟಿನ ಕೋಳಿ ಮತ್ತು ಬೆತ್ತದ ಕತ್ತಿ

ಕೊಲ್ಲುವ ಇಚ್ಛೆಯಿಲ್ಲದೆ ಕೊಲೆಯನ್ನು ಅಭಿನಯಿಸುವುದು ದೋಷವೇ ಎಂಬ ಪ್ರಶ್ನೆ ಧರ್ಮಗ್ರಂಥಗಳಿಗೆ ಹೊಸದೇನಲ್ಲ. ರಂಗದ ಮೇಲೆ ಸಾಯುವ ದುಶ್ಶಾಸನನ ವಿಷಯದಲ್ಲಿ ಅದು ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಗದೆ ಮೈಗೆ ತಗಲುವುದೂ ಇಲ್ಲ, ಯಾರು ಗೆಲ್ಲಬೇಕೆಂಬುದು ಪ್ರಸಂಗದಲ್ಲೇ ತೀರ್ಮಾನವಾಗಿರುತ್ತದೆ. ಕುಸ್ತಿಯ ವಿಷಯದಲ್ಲೂ ಕಾಡುವುದಿಲ್ಲ. ಅಲ್ಲಿ ಪಟ್ಟು ನಿಜ, ಸೋಲು ನಿಜ, ಆದರೆ ಸೋತವನು ಸತ್ತನೆಂಬ ಕಲ್ಪನೆಯಿಲ್ಲ. ಈ ಎರಡರ ನಡುವಿನ ಇಕ್ಕಟ್ಟಿನ ಜಾಗದಲ್ಲಿ ನಿಂತಿರುವುದು ಮಧ್ಯಯುಗದ ಯೂರೋಪಿನ ಕವಚ, ಶಿರಸ್ತ್ರಾಣ, ಗುರಾಣಿಗಳನ್ನು ಇಂದು ಮತ್ತೆ ತಯಾರಿಸಿ ತೊಟ್ಟು, ಪೂರ್ಣ ಬಲದಿಂದ ಹೊಡೆದಾಡಿ, ಏಟು ತಿಂದವನು ತಾನು ಸತ್ತೆನೆಂದು ಒಪ್ಪಿಕೊಂಡು ಬಿದ್ದುಕೊಳ್ಳುವ ಒಂದು ಹವ್ಯಾಸ. ಇದರಲ್ಲಿ ಏಟು ನಿಜ, ಸಾವು ಹುಸಿ. ಆದರೆ ಆ ಹುಸಿ ಸಾವನ್ನು ಉಂಟುಮಾಡುವುದೇ ನಿಜವಾದ ಏಟಿನ ಗುರಿ. ಆದ್ದರಿಂದ ಹಿಂಸೆಯ ಸ್ವರೂಪವನ್ನು ಕುರಿತು ಚಿಂತಿಸುವವರಿಗೆ ಈ ಹವ್ಯಾಸವು ಬರಿಯ ವಿನೋದವಾಗಿ ಉಳಿಯದೆ, ಕರ್ಮದ ಭಾರ ಕ್ರಿಯೆಯಲ್ಲಿದೆಯೋ ಸಂಕಲ್ಪದಲ್ಲಿದೆಯೋ ಎಂಬ ಹಳೆಯ ವಿವಾದದ ಜೀವಂತ ಉದಾಹರಣೆಯಾಗಿ ಒದಗುತ್ತದೆ.

ಈ ಹವ್ಯಾಸದ ಅತ್ಯಂತ ಪ್ರಸಿದ್ಧ ಸಂಘಟನೆ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ' ಎಂಬುದು. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ, ಮುಂದೆ ಕಾದಂಬರಿಕಾರ್ತಿಯಾಗಿ ಹೆಸರು ಮಾಡಿದ ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಿಲಿನಲ್ಲಿ, ಮಧ್ಯಯುಗದ ಸಾಹಿತ್ಯದಲ್ಲಿ ಆಸಕ್ತಿಯಿದ್ದ ಗೆಳೆಯರು ಸೇರಿ ನಡೆಸಿದ ಒಂದು ಹುಡುಗಾಟದ ಟೂರ್ನಮೆಂಟಿನಿಂದ ಅದು ಹುಟ್ಟಿತು. ಟೂರ್ನಮೆಂಟ್ ಎಂದರೆ ಮಧ್ಯಯುಗದ ನೈಟ್‌ಗಳು, ಅಂದರೆ ಕುದುರೆಯೇರಿ ಕಾದುತ್ತಿದ್ದ ಅಶ್ವಾರೋಹಿ ವೀರರು, ಯುದ್ಧವಿಲ್ಲದ ದಿನಗಳಲ್ಲಿ ನಡೆಸುತ್ತಿದ್ದ ಪಂದ್ಯಕಾಳಗ. ಇಂದು ಆ ಸಂಘಟನೆ ಹಲವು ದೇಶಗಳಿಗೆ ಹರಡಿ, ಭೂಪ್ರದೇಶವನ್ನೇ 'ರಾಜ್ಯ'ಗಳಾಗಿ ಹಂಚಿಕೊಂಡಿದೆ. ಪ್ರತಿ ರಾಜ್ಯದ ಅರಸನೂ ಕಣದಲ್ಲಿ ಗೆದ್ದೇ ಕಿರೀಟ ಪಡೆಯಬೇಕು, ಕೆಲವು ತಿಂಗಳ ಬಳಿಕ ಅದನ್ನು ಇನ್ನೊಬ್ಬ ವಿಜೇತನಿಗೆ ಬಿಟ್ಟುಕೊಡಬೇಕು. 1972ರಿಂದ ನಡೆದುಬಂದಿರುವ 'ಪೆನ್ಸಿಕ್ ವಾರ್' ಎಂಬ ಬೇಸಿಗೆಯ ಸಮಾವೇಶಕ್ಕೆ ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗದಲ್ಲಿ ಸಾವಿರಾರು ಜನ ಡೇರೆ ಹೂಡುತ್ತಾರೆ.

ಈ ಕಾಳಗದ ಆಯುಧ ಉಕ್ಕಿನದಲ್ಲ, ಬೆತ್ತದ್ದು. ಬೆತ್ತವು ಬಿದಿರಿನಂತೆ ಟೊಳ್ಳಲ್ಲ; ಒಳಗೆಲ್ಲ ನಾರು ತುಂಬಿ ಗಟ್ಟಿಯಾಗಿರುವ ಅದು ಸವೆದು ಮುರಿಯುವಾಗ ಸಿಬಿರೆದ್ದು ಚೂಪಾಗದೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ, ಆದ್ದರಿಂದ ಶಿರಸ್ತ್ರಾಣದ ಕಂಡಿಯೊಳಗೆ ನುಗ್ಗಿ ಕಣ್ಣಿಗೆ ಚುಚ್ಚುವ ಭಯ ಕಡಿಮೆ. ಸುಮಾರು 3.2 ಸೆಂಟಿಮೀಟರ್‌ಗಿಂತ ತೆಳುವಾದ ಬೆತ್ತವನ್ನು ಕತ್ತಿಯಾಗಿ ಬಳಸುವಂತಿಲ್ಲ. ಅದರ ಮೇಲೆ ಅಂಟುಪಟ್ಟಿ ಸುತ್ತಿ, ಅಲಗು ಯಾವ ಬದಿಗಿದೆ ಎಂಬುದನ್ನು ಬೇರೆ ಬಣ್ಣದ ಪಟ್ಟಿಯಿಂದ ಗುರುತಿಸುತ್ತಾರೆ. ಶಿರಸ್ತ್ರಾಣದ ಉಕ್ಕು ಸುಮಾರು ಒಂದೂವರೆ ಮಿಲಿಮೀಟರ್‌ಗಿಂತ ತೆಳುವಾಗಿರಕೂಡದು, ಮುಖದ ಮುಂದಿನ ಸರಳುಗಳ ನಡುವೆ ಕೋಲಿನ ತುದಿ ತೂರಬಾರದು. ಇಷ್ಟೆಲ್ಲ ಇದ್ದೂ ತೊಡೆ, ತೋಳು, ಪಕ್ಕೆಗಳ ಮೇಲೆ ಬಾಸುಂಡೆ ಏಳುವುದು ತಪ್ಪುವುದಿಲ್ಲ. ಕವಚದ ಕೆಲಸವಂತೂ ಬಹುಪಾಲು ಕೈಗೆಲಸವೇ: ತಗಡನ್ನು ತಗ್ಗಿರುವ ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಗುಂಡಗೆ ಮಾಡುವುದು, ಮೊಣಕಾಲಿನ ಚಿಪ್ಪಿಗೆ ಚರ್ಮದ ಪಟ್ಟಿ ಕೂಡಿಸಿ ರಿವೆಟ್ ಹೊಡೆಯುವುದು, ಕಬ್ಬಿಣದ ಸಾವಿರಾರು ಸಣ್ಣ ಉಂಗುರಗಳನ್ನು ಒಂದಕ್ಕೊಂದು ಕೋದು ಜಾಲಕವಚ ಹೆಣೆಯುವುದು, ಅದರ ಕೆಳಗೆ ತೊಡಲು ಹತ್ತಿ ಅಥವಾ ಬಟ್ಟೆಯ ಪದರ ತುಂಬಿ ಹೊಲಿದ ದಪ್ಪ ಅಂಗಿಯನ್ನು ತಯಾರಿಸುವುದು.

ಕಣದಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇಲ್ವಿಚಾರಕನಾದ ಮಾರ್ಷಲ್ 'ಲೇ ಆನ್' ಎಂದು ಕೂಗಿದೊಡನೆ ಇಬ್ಬರೂ ಗುರಾಣಿಯ ಮರೆಯಲ್ಲಿ ಹೆಜ್ಜೆ ಅಳೆಯುತ್ತ ಸುತ್ತತೊಡಗುತ್ತಾರೆ. ಒಬ್ಬನ ಬೆತ್ತ ಇನ್ನೊಬ್ಬನ ತೊಡೆಗೆ ಸರಿಯಾಗಿ ಬಿದ್ದರೆ, ಆ ಕಾಲು ಕಡಿದುಹೋಯಿತೆಂದು ಭಾವಿಸಿ ಅವನು ಮಂಡಿಯೂರಿ ಹೋರಾಟ ಮುಂದುವರಿಸುತ್ತಾನೆ. ತೋಳಿಗೆ ಬಿದ್ದರೆ ಆ ಕೈಯನ್ನು ಬಳಸುವುದಿಲ್ಲ. ತಲೆಗೋ ಮುಂಡಕ್ಕೋ ಬಿದ್ದರೆ ಅವನು ಸತ್ತಂತೆ. ಮುಖ್ಯವಾದ ಮಾತು ಇದು: ಏಟು ಸರಿಯಾಗಿ ಬಿದ್ದಿತೇ ಇಲ್ಲವೇ ಎಂಬುದನ್ನು ಹೇಳುವವನು ಹೊಡೆದವನಲ್ಲ, ಮಾರ್ಷಲ್‌ ಅಲ್ಲ, ನೋಡುಗರೂ ಅಲ್ಲ, ಏಟು ತಿಂದವನೇ ಹೇಳಬೇಕು. ಇಬ್ಬರೂ ಜಾಲಕವಚ ಮತ್ತು ಮೂಗುಪಟ್ಟಿಯುಳ್ಳ ತೆರೆದ ಮುಖದ ಶಿರಸ್ತ್ರಾಣ ತೊಟ್ಟಿದ್ದಾರೆಂದು ಊಹಿಸಿಕೊಂಡು, ಉಕ್ಕಿನ ಕತ್ತಿ ಇಷ್ಟೇ ಬಲದಿಂದ ಬಿದ್ದಿದ್ದರೆ ಆ ಕವಚವನ್ನು ಭೇದಿಸುತ್ತಿತ್ತೇ ಎಂದು ಅವನು ತನ್ನೊಳಗೆ ತೂಗಿ ನೋಡಿ, 'ಗುಡ್' ಎಂದೋ 'ಲೈಟ್' ಎಂದೋ ಘೋಷಿಸುತ್ತಾನೆ. ಮೊದಲನೆಯದು ಸಾವು, ಎರಡನೆಯದು ಸಾಲದು ಎಂದರ್ಥ. ತನ್ನ ಸಾವಿನ ತೀರ್ಪನ್ನು ತಾನೇ ಬರೆದುಕೊಳ್ಳುವ ಈ ಏರ್ಪಾಟು ಕ್ರೀಡಾಲೋಕದಲ್ಲಿ ಅಪರೂಪ. ಈ ಹವ್ಯಾಸದ ನೈತಿಕ ವಿಚಾರವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಒಂದು ನಿಯಮದ ಮುಂದೆ. ಆದರೆ ಅಲ್ಲಿಗೆ ಹೋಗುವ ಮೊದಲು ಇದರ ವಿರುದ್ಧ ಹೂಡಬಹುದಾದ ಅತ್ಯಂತ ಬಲವಾದ ಆಕ್ಷೇಪವನ್ನು ಕೇಳಿಸಿಕೊಳ್ಳುವುದು ನ್ಯಾಯ.

ಆ ಆಕ್ಷೇಪ ಕನ್ನಡದಲ್ಲೇ ಇದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜೈನ ಕವಿ ಜನ್ನ 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ಕಥೆಯನ್ನು ಕನ್ನಡ ಓದುಗರಿಗೆ ವಿವರವಾಗಿ ಹೇಳಬೇಕಿಲ್ಲ. ಜನ್ನನನ್ನು ಓದದವರೂ ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ'ದ ಮೂಲಕ ಅದನ್ನು ಬಲ್ಲರು. ರಾಣಿ ಅಮೃತಮತಿ ಮಾವುತನೊಬ್ಬನಿಗೆ ಒಲಿದುದನ್ನು ಕಣ್ಣಾರೆ ಕಂಡ ಯಶೋಧರನು ಕೆಟ್ಟ ಕನಸಿನ ನೆಪ ಹೇಳಿದಾಗ, ತಾಯಿ ಚಂದ್ರಮತಿ ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಹಠ ಹಿಡಿಯುತ್ತಾಳೆ. ಜೀವಹತ್ಯೆಗೆ ಒಪ್ಪದ ಮಗನು ಕೊನೆಗೆ ತಾಯಿಯ ಮಾತು ಮೀರಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುತ್ತಾನೆ. ಕಡಿದಾಗ ಆ ಕೋಳಿ ಕೂಗುತ್ತದೆ. ಒಂದು ಹನಿ ರಕ್ತವೂ ಬೀಳದ ಆ ಕ್ರಿಯೆಗಾಗಿ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಮತ್ತೆ ಬೇರೆ ಬೇರೆ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯಬೇಕಾಗುತ್ತದೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಭಾವ ಮನಸ್ಸಿನಲ್ಲಿ ಮೂಡಿತಾದ್ದರಿಂದ ಅದು ಸಂಕಲ್ಪಹಿಂಸೆ, ಅಂದರೆ ಉದ್ದೇಶಪೂರ್ವಕವಾಗಿ ಮನಸ್ಸಿನಲ್ಲಿ ನೆರವೇರಿದ ಹಿಂಸೆ ಎಂಬುದು ಕಾವ್ಯದ ತೀರ್ಪು. ಜೈನ ತತ್ತ್ವಶಾಸ್ತ್ರವು ಹೊರಗೆ ನಡೆಯುವ ದ್ರವ್ಯಹಿಂಸೆಯನ್ನೂ ಒಳಗೆ ನಡೆಯುವ ಭಾವಹಿಂಸೆಯನ್ನೂ ಬೇರ್ಪಡಿಸಿ, ಎರಡನೆಯದಕ್ಕೇ ಹೆಚ್ಚಿನ ತೂಕ ಕೊಡುತ್ತದೆ. ಹಾಗಾದರೆ ಎದುರಾಳಿಯ ಕೊರಳನ್ನು ಕತ್ತರಿಸಬಲ್ಲ ಏಟನ್ನೇ ಕಲ್ಪಿಸಿಕೊಂಡು ಬೆತ್ತ ಬೀಸುವವನು, ಬೆತ್ತ ಕತ್ತರಿಸಲಾರದೆಂಬ ಒಂದೇ ಕಾರಣಕ್ಕೆ, ಯಶೋಧರನಿಗಿಂತ ಹೇಗೆ ಮೇಲಾದಾನು?

ಸುಲಭವಾಗಿ ಹೊಳೆಯುವ ಉತ್ತರವೆಂದರೆ ಯಶೋಧರನದು ಪೂಜೆ, ಇದು ಆಟ ಎಂಬುದು. ಆದರೆ ಇಷ್ಟು ಹೇಳಿದರೆ ಸಾಲದು, ಏಕೆಂದರೆ ಯಶೋಧರನೂ ಕೊಲ್ಲಲು ಬಯಸಲಿಲ್ಲ. ಕೊಲ್ಲುವುದನ್ನು ತಪ್ಪಿಸಿಕೊಳ್ಳಲೆಂದೇ ಹಿಟ್ಟಿಗೆ ಒಪ್ಪಿದವನು ಅವನು. ಆದರೂ ಅವನಿಗೆ ಕರ್ಮ ಅಂಟಿತು. ಇದಕ್ಕೆ ಕಾರಣ ಹುಡುಕಿದರೆ, ಅವನು ಕೊಲೆಯನ್ನು ಬಿಟ್ಟನೇ ಹೊರತು ಕೊಲೆಯ ಫಲವನ್ನು ಬಿಡಲಿಲ್ಲ ಎಂಬುದು ಕಾಣುತ್ತದೆ. ನಿಜವಾದ ಬಲಿಯಿಂದ ದೇವಿ ಏನನ್ನು ಕೊಡುತ್ತಿದ್ದಳೋ ಅದೇ ಶಾಂತಿಯನ್ನು ಹಿಟ್ಟಿನ ಬಲಿಯಿಂದಲೂ ಪಡೆಯಬೇಕೆಂಬ ಅಪೇಕ್ಷೆ ಅಲ್ಲಿತ್ತು. ಕೋಳಿಯ ಬದಲಿಗೆ ಹಿಟ್ಟು ಬಂದಿತು, ವ್ಯವಹಾರ ಮಾತ್ರ ಬದಲಾಗಲಿಲ್ಲ. ಅಲ್ಲಿ ಬಲಿ ಹುಸಿ, ಸಂಕಲ್ಪ ನಿಜ. ಬೆತ್ತದ ಕಾಳಗದಲ್ಲಿ ಇದು ತಿರುವುಮುರುವಾಗಿದೆ: ಹೊಡೆಸಿಕೊಳ್ಳುವ ಮೈ ನಿಜ, ನೋವು ನಿಜ, ಕೊಲ್ಲುವ ಸಂಕಲ್ಪ ಹುಸಿ. ಗೆದ್ದವನಿಗೆ ಎದುರಾಳಿಯ ಸಾವಿನಿಂದ ಬರಬೇಕಾದ ಯಾವ ಫಲವೂ, ಅಂದರೆ ಅವನ ಭೂಮಿಯಾಗಲಿ, ಹಣವಾಗಲಿ, ಸೇಡಿನ ತೃಪ್ತಿಯಾಗಲಿ, ದೊರೆಯುವುದಿಲ್ಲ. ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಉಣ್ಣುತ್ತಾರೆ.

ಕ್ರೈಸ್ತ ಸಭೆ, ಅಂದರೆ ಚರ್ಚು, ಮಧ್ಯಯುಗದಲ್ಲಿ ಟೂರ್ನಮೆಂಟುಗಳನ್ನು ವಿರೋಧಿಸಿದ್ದು ಬಹುಮಟ್ಟಿಗೆ ಈ ಫಲದ ಕಾರಣದಿಂದಲೇ. 1130ರಲ್ಲಿ ಎರಡನೆಯ ಇನೋಸೆಂಟ್ ಪೋಪನ ಕಾಲದಲ್ಲಿ ಕ್ಲೆರ್ಮಾಂಟಿನಲ್ಲಿ ಸೇರಿದ ಧರ್ಮಸಭೆ ಅವುಗಳನ್ನು ನಿಷೇಧಿಸಿತು. 1139 ಮತ್ತು 1179ರ ಲ್ಯಾಟೆರನ್ ಮಹಾಸಭೆಗಳು ನಿಷೇಧವನ್ನು ಮತ್ತೆ ಸಾರಿದವು. ಅಲ್ಲಿ ಸತ್ತವನಿಗೆ ಪಾಪನಿವೇದನೆಯ ಅವಕಾಶವನ್ನೂ ಕೊನೆಯ ಪ್ರಸಾದವನ್ನೂ ನಿರಾಕರಿಸದಿದ್ದರೂ, ಚರ್ಚಿನ ನೆಲದಲ್ಲಿ ಮಣ್ಣು ಸಿಗುತ್ತಿರಲಿಲ್ಲ. ನೈಟ್‌ಗಳು ಕೇಳಲಿಲ್ಲವೆಂಬುದು ಬೇರೆ ಮಾತು. 1316ರಲ್ಲಿ ಇಪ್ಪತ್ತೆರಡನೆಯ ಜಾನ್ ಪೋಪನು ನಿಷೇಧವನ್ನು ತೆಗೆದುಹಾಕುವ ಹೊತ್ತಿಗೆ ಅದು ಕಾಗದದ ಮೇಲಷ್ಟೇ ಉಳಿದಿತ್ತು. ಹದಿಮೂರನೆಯ ಶತಮಾನದ ಪ್ರಖ್ಯಾತ ಪ್ರವಚನಕಾರ ಜಾಕ್ ದ ವಿತ್ರಿ, ಟೂರ್ನಮೆಂಟಿನಲ್ಲಿ ಪಾಪವೇನಿದೆ ಎಂದು ಕೇಳಿದ ನೈಟ್‌ ಒಬ್ಬನಿಗೆ, ಕ್ರೈಸ್ತಧರ್ಮವು ಮೂಲಪಾಪಗಳೆಂದು ಎಣಿಸುವ ಏಳನ್ನೂ ಅದರಲ್ಲೇ ತೋರಿಸಿಕೊಟ್ಟನಂತೆ: ಹೊಗಳಿಕೆಯ ಆಸೆಯಲ್ಲಿ ಗರ್ವ, ಇನ್ನೊಬ್ಬನ ಹೊಗಳಿಕೆಯಲ್ಲಿ ಮತ್ಸರ, ಹೊಡೆತದಲ್ಲಿ ಕ್ರೋಧ, ಸೋಲಿನಲ್ಲಿ ಕುಗ್ಗಿದ ಜಡತೆ, ಸೋತವನ ಕುದುರೆ ಮತ್ತು ಕವಚವನ್ನು ಕಸಿಯುವುದರಲ್ಲಿ ಲೋಭ, ಆಮೇಲಿನ ಔತಣದಲ್ಲಿ ಹೊಟ್ಟೆಬಾಕತನ, ಹೆಂಗಸರ ಮೆಚ್ಚುಗೆಗಾಗಿ ಹೆಣಗುವುದರಲ್ಲಿ ಕಾಮ. ಪಟ್ಟಿ ತುಂಬಿಸಲೆಂದೇ ಒಂದೆರಡನ್ನು ಎಳೆದು ತಂದಂತೆ ತೋರಿದರೂ, ಲೋಭದ ಮಾತು ಅಕ್ಷರಶಃ ಸತ್ಯ. ಸೋತ ನೈಟ್‌ ಒತ್ತೆಹಣ ಕೊಟ್ಟು ಬಿಡಿಸಿಕೊಳ್ಳಬೇಕಾಗುತ್ತಿತ್ತು. ಟೂರ್ನಮೆಂಟಿನ ಸಂಪಾದನೆಯಿಂದಲೇ ಮೇಲೆ ಬಂದ ವೀರರಿದ್ದರು.

ಇಂದಿನ ಹವ್ಯಾಸವು ಈ ಏಳರಲ್ಲಿ ಲೋಭವನ್ನು ಪೂರ್ತಿಯಾಗಿ ಕಳೆದಿದೆ. ಔತಣವನ್ನು ಸಂತೋಷದಿಂದಲೇ ಉಳಿಸಿಕೊಂಡಿದೆ. ಗರ್ವವನ್ನು ಮಾತ್ರ ಕಿರೀಟದ ಪಂದ್ಯದ ಮೂಲಕ ಇನ್ನಷ್ಟು ಉಜ್ವಲವಾಗಿ ಮಾಡಿದೆ. ಆ ಗರ್ವದ ವಿಚಾರವನ್ನು ಮುಂದೆ ನೋಡಬೇಕು. ಅದಕ್ಕೂ ಮೊದಲು, ಸಂಕಲ್ಪ ಹುಸಿ ಎಂದು ಹೊರಗಿನಿಂದ ಖಚಿತವಾಗಿ ಹೇಳಬಹುದೇ ಎಂಬ ಅನುಮಾನವನ್ನು ಎತ್ತುವ ಒಂದು ಘಟನೆ ಚರಿತ್ರೆಯಲ್ಲಿದೆ. 1252ರಲ್ಲಿ ಇಂಗ್ಲೆಂಡಿನ ವಾಲ್ಡನ್ ಎಂಬಲ್ಲಿ ನಡೆದ 'ರೌಂಡ್ ಟೇಬಲ್' ಕ್ರೀಡೆಯಲ್ಲಿ, ಮೊಂಡು ಮಾಡಿದ ಈಟಿಗಳಿಂದಷ್ಟೇ ಆಡಬೇಕೆಂಬ ಒಪ್ಪಂದವಿದ್ದರೂ, ರೋಜರ್ ಲೇಬರ್ನ್ ಎಂಬ ನೈಟ್‌ನ ಈಟಿ ಅರ್ನಾಲ್ಡ್ ಎಂಬವನ ಕೊರಳಿಗೆ ನಾಟಿ ಅವನು ಸತ್ತ. ಈಟಿಯ ಅಲಗನ್ನು ಹೊರಗೆಳೆದು ನೋಡಿದಾಗ ಅದು ಮೊಂಡಾಗಿರಲಿಲ್ಲ. ಹಿಂದೊಮ್ಮೆ ಇಂಥದೇ ಆಟದಲ್ಲಿ ಅರ್ನಾಲ್ಡನು ರೋಜರನ ಕಾಲು ಮುರಿದಿದ್ದನೆಂಬುದನ್ನು ಸಮಕಾಲೀನ ಇತಿಹಾಸಕಾರ ಮ್ಯಾಥ್ಯೂ ಪ್ಯಾರಿಸ್ ಮರೆಯದೆ ದಾಖಲಿಸುತ್ತಾನೆ. ಆಟದ ಮರೆಯಲ್ಲಿ ಹಗೆ ಕುಳಿತಿದ್ದರೆ ಅದನ್ನು ಕಾಣುವವರಾರು? ಮೊಂಡು ಈಟಿಯ ನಿಯಮವಿದ್ದದ್ದೇ ಇಂಥದನ್ನು ತಡೆಯಲು. ಆದರೆ ನಿಯಮ ಕೈಯನ್ನು ಕಟ್ಟಬಲ್ಲದು, ಮನಸ್ಸನ್ನಲ್ಲ.

ಅದೇ ಶತಮಾನದಲ್ಲಿ ತಾಮಸ್ ಅಕ್ವಿನಾಸ್ ತನ್ನ 'ಸುಮ್ಮಾ ಥಿಯೊಲಾಜಿಕಾ'ದಲ್ಲಿ ಯುದ್ಧದ ಪ್ರಶ್ನೆಯನ್ನು ಚರ್ಚಿಸುತ್ತ ಈ ವಿಷಯಕ್ಕೂ ಕೈಹಾಕಿದ್ದಾನೆ. ಯುದ್ಧಾಭ್ಯಾಸವೆಲ್ಲ ನಿಷಿದ್ಧವಲ್ಲ, ಕೊಲೆ ಮತ್ತು ಸುಲಿಗೆಗಳಲ್ಲಿ ಕೊನೆಗಾಣುವ ಅಂಕೆಯಿಲ್ಲದ ಅಪಾಯಕರ ಅಭ್ಯಾಸಗಳು ಮಾತ್ರ ನಿಷಿದ್ಧ; ಪ್ರಾಚೀನರಲ್ಲಿ ಅಂಥ ಅಪಾಯವಿಲ್ಲದ, ರಕ್ತ ಸುರಿಯದ ಅಭ್ಯಾಸಗಳಿದ್ದವು ಎನ್ನುತ್ತಾನೆ. ಅಕ್ವಿನಾಸ್‌ನ ಅಳತೆಗೋಲು ಪರಿಣಾಮದ ಕಡೆಗೆ ಹೆಚ್ಚು ವಾಲಿದೆ. ಆ ಅಳತೆಯಿಂದ ನೋಡಿದರೆ ಬೆತ್ತದ ಕಾಳಗ ಸುಲಭವಾಗಿ ಪಾರಾಗುತ್ತದೆ. ಜೈನರ ಅಳತೆಗೋಲು ಇಷ್ಟು ಉದಾರಿಯಲ್ಲ. ಶ್ರಾವಕನಿಗೆ, ಅಂದರೆ ಗೃಹಸ್ಥ ಜೈನನಿಗೆ, ವಿಧಿಸಿದ ಅಹಿಂಸಾಣುವ್ರತದ ಅತಿಚಾರಗಳಲ್ಲಿ, ಎಂದರೆ ವ್ರತಕ್ಕೆ ಕುಂದು ತರುವ ಉಲ್ಲಂಘನೆಗಳಲ್ಲಿ, 'ವಧ' ಎಂಬುದೊಂದು. ಜೈನರ ಸೂತ್ರಗ್ರಂಥವಾದ ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಇಲ್ಲಿ ವಧವೆಂದರೆ ಪ್ರಾಣ ತೆಗೆಯುವುದಲ್ಲ, ದೊಣ್ಣೆ, ಚಾವಟಿ, ಬೆತ್ತ ಮುಂತಾದವುಗಳಿಂದ ಹೊಡೆಯುವುದು ಎಂದು ಬಿಡಿಸಿ ಹೇಳುತ್ತಾರೆ. ಆಯುಧವನ್ನು ಮೆದು ಮಾಡಿ ಪಾರಾಗುವ ದಾರಿಯನ್ನು ಆ ವಾಕ್ಯ ಮುಚ್ಚಿಬಿಡುತ್ತದೆ: ಬೆತ್ತವೆಂಬುದು ವಿನಾಯಿತಿಯಲ್ಲ, ಅದರ ಹೆಸರೇ ನಿಷೇಧದ ಪಟ್ಟಿಯಲ್ಲಿದೆ.

ಆದರೂ ಅದೇ ಸೂತ್ರಗ್ರಂಥ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಕ್ಕೆ ಆಗುವ ಘಾತವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಆ ಘಾತ ಪ್ರಮತ್ತಯೋಗದಿಂದ ಆಗಿರಬೇಕು ಎಂಬ ಷರತ್ತನ್ನು ಹಾಕುತ್ತದೆ. ಪ್ರಮತ್ತಯೋಗವೆಂದರೆ ಎಚ್ಚರಗೇಡಿಯಾದ, ಕಷಾಯಗಳಿಗೆ ಒಳಗಾದ ಮನೋವಾಕ್ಕಾಯಗಳ ಚಟುವಟಿಕೆ. ಕಷಾಯಗಳೆಂದರೆ ಆತ್ಮಕ್ಕೆ ಬಣ್ಣದಂತೆ ಅಂಟುವ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಭಾವಗಳು. ಹಾಗಾದರೆ ಪ್ರಶ್ನೆ ಆಯುಧದಿಂದ ಜಾರಿ ಕಷಾಯದ ಮೇಲೆ ಬಂದು ನಿಲ್ಲುತ್ತದೆ: ಹೊಡೆಯುವವನಲ್ಲಿ ಆ ಕ್ಷಣಕ್ಕೆ ಕ್ರೋಧವಿದೆಯೇ? ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ ಎಳೆಯ ಮಂಗಗಳು ಕಚ್ಚಾಡುವುದನ್ನು ನೋಡಿ, ಅವು ಕಚ್ಚುವುದರ ಜೊತೆಗೇ 'ಇದು ಆಟ' ಎಂಬ ಇನ್ನೊಂದು ಸಂದೇಶವನ್ನೂ ಕೊಟ್ಟುಕೊಳ್ಳುತ್ತಿವೆ ಎಂದು ಗುರುತಿಸಿದರು. ಆಟದ ಕಚ್ಚುವಿಕೆ ನಿಜವಾದ ಕಚ್ಚುವಿಕೆಯನ್ನು ಸೂಚಿಸುತ್ತದೆ, ಆದರೆ ನಿಜವಾದ ಕಚ್ಚುವಿಕೆ ಏನನ್ನು ಸೂಚಿಸುತ್ತದೋ ಅದನ್ನು, ಅಂದರೆ ಹಗೆಯನ್ನು, ಸೂಚಿಸುವುದಿಲ್ಲ ಎಂಬುದು ಅವರ ವಿವರಣೆ. ಕಣದಲ್ಲಿ ಕಾದಾಟಕ್ಕೆ ಮೊದಲು ಅರಸನಿಗೂ ಎದುರಾಳಿಗೂ ಮಾಡುವ ವಂದನೆ, ಯಾರಿಗಾದರೂ ಪೆಟ್ಟಾದಂತೆ ಕಂಡರೆ 'ಹೋಲ್ಡ್' ಎಂದು ಯಾರು ಕೂಗಿದರೂ ಎಲ್ಲರೂ ಇದ್ದಲ್ಲೇ ನಿಲ್ಲುವ ಪದ್ಧತಿ, ಇವೆಲ್ಲ ಆ ಎರಡನೆಯ ಸಂದೇಶದ ರೂಪಗಳು. ನಿಜವಾದ ಕ್ರೋಧದಲ್ಲಿರುವವನು ಕೂಗು ಕೇಳಿದೊಡನೆ ಕೈ ತಡೆಯಲಾರ. ತಡೆಯಬಲ್ಲನಾದರೆ ಅವನ ಬಲ ಕ್ರೋಧದ್ದಲ್ಲ ಎಂದು ಒಪ್ಪಬೇಕಾಗುತ್ತದೆ.

ಇಷ್ಟರಿಂದ ಕ್ರೋಧದ ಆರೋಪ ಸಡಿಲವಾದರೂ ಮಾನದ ಆರೋಪ ಉಳಿಯುತ್ತದೆ. ಇಲ್ಲಿ ಕನ್ನಡದ ಇನ್ನೊಂದು ಜೈನಕಥೆ ಜನ್ನನದಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ. ಪಂಪನು 941ರಲ್ಲಿ ರಚಿಸಿದ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರು ನಿಂತಾಗ, ಅಣ್ಣತಮ್ಮಂದಿರ ಮೇಲಾಟಕ್ಕೆ ಸೈನಿಕರು ಸಾಯುವುದು ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ನಿಯಮಬದ್ಧ ಸ್ಪರ್ಧೆಗಳನ್ನು ಏರ್ಪಡಿಸುತ್ತಾರೆ. ಯಾರೂ ಸಾಯಬೇಕಿಲ್ಲದ, ಆದರೂ ರಾಜ್ಯವನ್ನೇ ನಿರ್ಣಯಿಸುವ ಈ ಯುದ್ಧಗಳು ಇಂದಿನ ಕಿರೀಟದ ಪಂದ್ಯಕ್ಕೆ ಬಹಳ ಸಮೀಪದವು. ಮೂರರಲ್ಲೂ ಸೋತ ಭರತನು ಸೋಲನ್ನು ಸೋಲೆಂದು ಒಪ್ಪಿಕೊಳ್ಳಲಾರದೆ, ಒಪ್ಪಂದವನ್ನು ಮುರಿದು ಚಕ್ರರತ್ನವನ್ನು ತಮ್ಮನ ಮೇಲೆ ಪ್ರಯೋಗಿಸುತ್ತಾನೆ. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತುಬಿಡುತ್ತದೆ. ಬಾಹುಬಲಿಯ ವೈರಾಗ್ಯದ ಪ್ರಭೆಯಲ್ಲಿ ಓದುಗರು ಗಮನಿಸದೆ ಬಿಡುವ ಸಂಗತಿಯೊಂದು ಇಲ್ಲಿದೆ. ಆ ಸ್ಪರ್ಧೆಗಳಲ್ಲಿ ಹಿಂಸೆ ಹುಟ್ಟಿದ್ದು ಹೋರಾಟದ ನಡುವೆ ಅಲ್ಲ, ಹೋರಾಟ ಮುಗಿದ ಮೇಲೆ. ಗೆದ್ದವನಲ್ಲಿ ಅಲ್ಲ, ಸೋತವನಲ್ಲಿ.

ನಿಯಮಬದ್ಧ ಕಾಳಗದ ನೈತಿಕ ಭಾರ ಹೊಡೆಯುವವನ ಮೇಲೆ ಬೀಳುತ್ತದೆಂದು ಜಾಕ್ ದ ವಿತ್ರಿಯೂ, ಜನ್ನನನ್ನು ಮುಂದಿಟ್ಟುಕೊಂಡು ಆಕ್ಷೇಪಿಸುವವನೂ ಭಾವಿಸುತ್ತಾರೆ. ಭರತನ ಪ್ರಸಂಗ ಆ ಭಾರವನ್ನು ಹೊಡೆಸಿಕೊಂಡವನ ಕಡೆಗೆ ಸರಿಸುತ್ತದೆ. ಬೆತ್ತದ ಕಾಳಗದ ನಿಯಮ ಅರಿತೋ ಅರಿಯದೆಯೋ ಆ ಜಾಗಕ್ಕೇ ಕೈಯಿಟ್ಟಿದೆ. ಗೆಲುವನ್ನು ಗೆದ್ದವನು ಸಾರುವಂತಿಲ್ಲ, ಸೋತವನೇ ದಾನವಾಗಿ ಕೊಡಬೇಕು; ಕೊಡದಿದ್ದರೆ ಗೆಲುವೇ ಇಲ್ಲ. ಜನ ಸುತ್ತ ನಿಂತು ನೋಡುತ್ತಿರುವಾಗ, ಕಿರೀಟ ಒಂದೇ ಏಟಿನ ದೂರದಲ್ಲಿರುವಾಗ, ತನ್ನ ಹೊರತು ಇನ್ನಾರಿಗೂ ತಿಳಿಯದ ಒಂದು ತಾಕಿನ ಅನುಭವವನ್ನು ಮುಚ್ಚಿಡಲು ಎಲ್ಲ ಅನುಕೂಲವೂ ಇದ್ದು, ಅದನ್ನು ಬಾಯಿಬಿಟ್ಟು ಹೇಳಿ ನೆಲಕ್ಕೆ ಬೀಳುವುದು ಮಾನಕಷಾಯದ ಮೇಲೆ ನೇರವಾಗಿ ನಡೆಯುವ ಅಭ್ಯಾಸ. ಒಂದು ಮಧ್ಯಾಹ್ನದಲ್ಲಿ ಹತ್ತಾರು ಸಲ ಹೀಗೆ ಸಾಯಬೇಕಾದವನು, ಬೇರೇನನ್ನು ಕಲಿಯದಿದ್ದರೂ, ಸೋಲನ್ನು ಉಚ್ಚರಿಸುವುದನ್ನಾದರೂ ಕಲಿಯುತ್ತಾನೆ.

ಈ ನಿಯಮ ಯಾವಾಗಲೂ ಫಲಿಸುತ್ತದೆಂದು ಹೇಳುವಂತಿಲ್ಲ. ಏಟು ಬಿದ್ದರೂ ಬಿದ್ದಿಲ್ಲವೆನ್ನುವವನಿಗೆ ಆ ವಲಯದಲ್ಲಿ ಖಡ್ಗಮೃಗದ ಚರ್ಮದವನೆಂಬ ಅಡ್ಡಹೆಸರೇ ಇದೆ. ಡಚ್ ಚಿಂತಕ ಯೊಹಾನ್ ಹೌಜಿಂಗಾ 1938ರಲ್ಲಿ ಪ್ರಕಟಿಸಿದ 'ಹೋಮೋ ಲೂಡೆನ್ಸ್' ಎಂಬ ಗ್ರಂಥದಲ್ಲಿ ಆಟದಲ್ಲಿ ಮೋಸಮಾಡುವವನನ್ನೂ ಆಟವನ್ನೇ ಕೆಡಿಸುವವನನ್ನೂ ಬೇರ್ಪಡಿಸುತ್ತಾನೆ: ಮೊದಲನೆಯವನು ಆಟದ ಆವರಣವನ್ನು ಕನಿಷ್ಠ ನಟನೆಗಾದರೂ ಗೌರವಿಸುತ್ತಾನೆ, ಎರಡನೆಯವನು ಆವರಣವನ್ನೇ ಒಡೆಯುತ್ತಾನೆ, ಆದ್ದರಿಂದ ಸಮಾಜ ಮೊದಲನೆಯವನನ್ನು ಹೆಚ್ಚು ಸುಲಭವಾಗಿ ಕ್ಷಮಿಸುತ್ತದೆ. ಸಾಕ್ಷಿ ಒಬ್ಬನೇ ಇರುವ ಈ ಆಟದಲ್ಲಿ ಆ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ; ಆ ಒಬ್ಬ ಸಾಕ್ಷಿ ಸುಳ್ಳಾಡಿದರೆ ಆಟವೇ ಉಳಿಯುವುದಿಲ್ಲ. ಪ್ರಾಮಾಣಿಕನಿಗೂ ಇಲ್ಲಿ ಒಂದು ತೊಡಕುಂಟು. ಕವಚ ಒಳ್ಳೆಯದಾದಷ್ಟೂ, ಒಳಗಿನ ಮೆತ್ತೆ ದಪ್ಪವಾದಷ್ಟೂ, ಏಟಿನ ಬಲ ಮೈಗೆ ತಿಳಿಯುವುದು ಕಡಿಮೆ. ಕಾದಾಟದ ಕಾವಿನಲ್ಲಿ ಅದು ಇನ್ನೂ ಮಂದ. ತನ್ನನ್ನು ರಕ್ಷಿಸಲೆಂದು ಹಾಕಿಕೊಂಡ ಉಕ್ಕೇ ತನ್ನ ಸಾಕ್ಷ್ಯವನ್ನು ಮಂಕುಮಾಡುತ್ತದೆ, ಆದ್ದರಿಂದ ದುಬಾರಿ ಕವಚದವನು ಹೆಚ್ಚು ಕಿವಿಗೊಟ್ಟು ತನ್ನ ಮೈಯನ್ನು ಆಲಿಸಬೇಕಾಗುತ್ತದೆ.

ಪೂರ್ವ ಯೂರೋಪಿನಲ್ಲಿ ಬೆಳೆದು, 2010ರಲ್ಲಿ ಉಕ್ರೇನಿನ ಖೋಟಿನ್ ಕೋಟೆಯಲ್ಲಿ ನಡೆದ ಮೊದಲ 'ಬ್ಯಾಟಲ್ ಆಫ್ ದ ನೇಷನ್ಸ್'ನಿಂದ ಜಗತ್ತಿಗೆ ಪರಿಚಯವಾದ 'ಬುಹುರ್ಟ್' ಎಂಬ ಇನ್ನೊಂದು ರೂಪ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿದೆ. ಅಲ್ಲಿ ಆಯುಧ ಮೊಂಡಾದ ನಿಜವಾದ ಉಕ್ಕಿನದು, ಹೊಡೆತವೂ ಭಯಂಕರ. ಚುಚ್ಚುವುದು ಮಾತ್ರ ನಿಷಿದ್ಧ. ತಂಡ ತಂಡವಾಗಿ ಕಾದುವ ಅದರಲ್ಲಿ ಪಾದಗಳಲ್ಲದೆ ಮೈಯ ಇನ್ನೊಂದು ಭಾಗ ನೆಲಕ್ಕೆ ತಾಗಿದರೆ ಅವನು ಹೊರಗೆ. ಸತ್ತನೇ ಎಂದು ಯಾರೂ ಕೇಳುವುದಿಲ್ಲ, ಬಿದ್ದನೇ ಎಂದಷ್ಟೇ ಕೇಳುತ್ತಾರೆ, ಅದನ್ನು ನಿರ್ಣಾಯಕರು ಕಣ್ಣಿನಿಂದಲೇ ನೋಡಿ ಹೇಳುತ್ತಾರೆ. ಸಾವಿನ ಕಲ್ಪನೆಯನ್ನು ಹೀಗೆ ಕೈಬಿಟ್ಟ ಬುಹುರ್ಟ್, ಏಟಿನಲ್ಲಿ ಹೆಚ್ಚು ಕ್ರೂರವಾಗಿದ್ದೂ, ಸಂಕಲ್ಪಹಿಂಸೆಯ ಆಕ್ಷೇಪದಿಂದ ಬೆತ್ತದ ಕಾಳಗಕ್ಕಿಂತ ದೂರ ನಿಲ್ಲುತ್ತದೆ ಎಂಬುದು ವಿಚಿತ್ರವಾದರೂ ನಿಜ. ಅದು ಕುಸ್ತಿಯ ಬಳಗಕ್ಕೆ ಸೇರಿತು. ಆದರೆ ಸೋಲನ್ನು ಒಪ್ಪಿಕೊಳ್ಳುವ ಅಭ್ಯಾಸವನ್ನೂ ಅದು ಅದರ ಜೊತೆಗೇ ಕಳೆದುಕೊಂಡಿತು. ಸಾವನ್ನು ಕಲ್ಪಿಸಿಕೊಳ್ಳುವ ದೋಷವೂ ಸಾವನ್ನು ಒಪ್ಪಿಕೊಳ್ಳುವ ಗುಣವೂ ಒಂದೇ ನಿಯಮದ ಎರಡು ತುದಿಗಳಾಗಿರುವುದರಿಂದ, ಒಂದನ್ನು ಕತ್ತರಿಸಿ ಇನ್ನೊಂದನ್ನು ಉಳಿಸಿಕೊಳ್ಳಲಾಗದು.

ಇದುವರೆಗಿನ ವಿಚಾರವೆಲ್ಲ ಕಣದೊಳಗೆ ಇಳಿದ ಇಬ್ಬರನ್ನು ಕುರಿತದ್ದು. ಅವರಿಬ್ಬರೂ ಒಪ್ಪಿ ಬಂದವರು. ಒಪ್ಪದೆಯೂ ಈ ಆಟದೊಳಗೆ ಸೇರಿಹೋದವರಿದ್ದಾರೆ. ಈ ಹವ್ಯಾಸದ ಮಧ್ಯಯುಗ ಆಯ್ದುಕೊಂಡ ಮಧ್ಯಯುಗ. ಅದರಲ್ಲಿ ಎಲ್ಲರೂ ಕುಲೀನರು, ಉಳುವ ಜೀತಗಾರನಾಗಲು ಬರುವವರು ವಿರಳ. ಚರಿತ್ರೆಯಲ್ಲಿ ನಿಜವಾಗಿ ಬಾಳಿದ ವ್ಯಕ್ತಿಯೇ ತಾನೆಂದು ಯಾರೂ ಹೇಳಿಕೊಳ್ಳಬಾರದು, ಆ ಕಾಲದಲ್ಲಿ ಇದ್ದಿರಬಹುದಾದ ಒಬ್ಬನಾಗಿ ಮಾತ್ರ ಇರಬಹುದು ಎಂಬ ವಿವೇಕದ ನಿಯಮ ಆ ಸಂಘಟನೆಯಲ್ಲಿದೆ. ಹಳೆಯ ಹಗೆಗಳನ್ನು ಹೆಸರು ಹಿಡಿದು ಎಬ್ಬಿಸದಂತೆ ಅದು ತಡೆಯುತ್ತದೆ. ಆದರೆ ಎದೆಯ ಮೇಲೆ ಕ್ರುಸೇಡ್ ಯೋಧರ, ಅಂದರೆ ಜೆರೂಸಲೇಮಿಗಾಗಿ ಧರ್ಮಯುದ್ಧ ಹೂಡಿದವರ, ಕೆಂಪು ಶಿಲುಬೆಯನ್ನು ಧರಿಸುವವನು ಹೆಸರಿಲ್ಲದೆಯೂ ಒಂದು ಹಗೆಯನ್ನು ಧರಿಸಿದಂತೆಯೇ. 1096ರಲ್ಲಿ ಮೈಂಟ್ಸ್ ಮತ್ತು ವರ್ಮ್ಸ್ ನಗರಗಳ ಯೆಹೂದಿಗಳನ್ನು, 1099ರಲ್ಲಿ ಜೆರೂಸಲೇಮಿನ ಮುಸಲ್ಮಾನರನ್ನೂ ಯೆಹೂದಿಗಳನ್ನೂ ಕೊಂದವರ ಗುರುತು ಅದು. 2017ರಲ್ಲಿ ಅಮೆರಿಕದ ಶಾರ್ಲೆಟ್ಸ್‌ವಿಲ್ ನಗರದಲ್ಲಿ ಬಿಳಿಯರ ಮೇಲ್ಮೆಯನ್ನು ಸಾರುತ್ತ ಮೆರವಣಿಗೆ ಹೊರಟವರ ಗುರಾಣಿಗಳ ಮೇಲೂ ಕ್ರುಸೇಡಿನ ಚಿಹ್ನೆಗಳಿದ್ದವು. ಇದು ಬರಿಯ ಚರಿತ್ರೆಯ ನಿಖರತೆ, ತನ್ನ ಮನಸ್ಸಿನಲ್ಲಿ ದ್ವೇಷವಿಲ್ಲ ಎಂದು ಹವ್ಯಾಸಿ ಹೇಳಬಹುದು, ಅದು ನಿಜವೂ ಇರಬಹುದು. ಆದರೆ ಏಟು ತಗುಲಿತೋ ಇಲ್ಲವೋ ಎಂಬುದನ್ನು ಹೊಡೆದವನು ನಿರ್ಣಯಿಸಬಾರದೆಂಬುದನ್ನು ತನ್ನ ಆಟದ ಜೀವಾಳವಾಗಿ ಒಪ್ಪಿದವನು, ಆ ಶಿಲುಬೆಯ ವಿಷಯಕ್ಕೆ ಬಂದಾಗ ಮಾತ್ರ ತೀರ್ಪನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುವುದು ಯಾವ ನ್ಯಾಯದಿಂದ ಎಂಬ ಪ್ರಶ್ನೆಗೆ ಆ ಸಮರ್ಥನೆಯಲ್ಲಿ ಉತ್ತರವಿಲ್ಲ.